ಕಂಪೈಲರ್‌ಗೆ ಅಡಿಕೆ ಲೆಕ್ಕದ ರೂಢಿ ತಿಳಿಸುವುದು ಹೇಗೆ?

ಪ್ರಶ್ನೆ: ಅಡಿಕೆ ವ್ಯಾಪಾರದ ಹಳೆಯ ದಾಖಲೆಗಳನ್ನು ನಮೂನೆವಾರು ಬೇರ್ಪಡಿಸಿ ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಕೋಡ್ ಬದಲಿಸದೆ ಅದರ ವೇಗ ಹೆಚ್ಚಿಸಬಹುದೇ?
ಓದುಗರು, ಕೋಲಸಿರ್ಸಿ

ಉತ್ತರ: ಹೆಚ್ಚಿಸಬಹುದು. ನಿಮ್ಮ ಸಿದ್ದಾಪುರದ ಕಡೆ ಮಾರಾಟಕ್ಕೆ ಬರುವ ಅಡಿಕೆಯಲ್ಲಿ ರಾಶಿ, ಚಾಲಿ ನಮೂನೆಗಳದ್ದೇ ಸಿಂಹಪಾಲು. ಕೋಕಾ, ಬಿಳೆಗೋಟು ಕಡಿಮೆ. ಇದು ನಿಮಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. ನಿಮ್ಮ ಕೋಡಿನ ಒಂದೊಂದು ‘ಇಫ್’ ಯಾವ ಕಡೆ ಹೆಚ್ಚು ಹೊರಳುತ್ತದೆ ಎಂದು ಅದು ಊಹಿಸುತ್ತದೆ, ಅಷ್ಟೆ.

ಊಹೆಯ ಬದಲು ಲೆಕ್ಕವನ್ನೇ ಕೊಡಿ. ಜಿಸಿಸಿ ಕಂಪೈಲರ್‌ನಲ್ಲಿ ಮೊದಲು ‘-ಎಫ್‌ಪ್ರೊಫೈಲ್-ಜನರೇಟ್’ ಹಾಕಿ ಕಂಪೈಲ್ ಮಾಡಿ, ನಿಜವಾದ ದಾಖಲೆಗಳ ಮೇಲೆ ಓಡಿಸಿ. ಯಾವ ಕವಲು ಎಷ್ಟು ಸಲ ಓಡಿತು ಎಂಬ ಎಣಿಕೆಯ ಭಾರಕ್ಕೆ ಈ ಓಟ ನಿಧಾನವಾಗುತ್ತದೆ, ಗಾಬರಿ ಬೇಡ. ಪ್ರೋಗ್ರಾಂ ಮುಗಿಯುವಾಗ ‘.ಜಿಸಿಡಿಎ’ ಕಡತ ಬರೆಯುತ್ತದೆ. ನಡುವೆ ‘ಕಿಲ್ -9’ ಕೊಟ್ಟು ನಿಲ್ಲಿಸಿದರೆ ಎಣಿಕೆ ಕಡತಕ್ಕೆ ಸೇರುವುದೇ ಇಲ್ಲ. ಇಲ್ಲಿ ಎಡವುವುದು ಬಹಳ ಸುಲಭ. ಆಮೇಲೆ ಅದೇ ಕೋಡನ್ನು, ಉಳಿದ ಆಯ್ಕೆಗಳನ್ನು ಹಾಗೇ ಇಟ್ಟು, ‘-ಎಫ್‌ಪ್ರೊಫೈಲ್-ಯೂಸ್’ ಹಾಕಿ ಮತ್ತೆ ಕಂಪೈಲ್ ಮಾಡಿ. ಪದೇ ಪದೇ ಓಡುವ ಭಾಗಗಳು ಒತ್ತೊತ್ತಾಗಿ ಕೂರುತ್ತವೆ, ಅಪರೂಪದವು ಆಚೆ ಸರಿಯುತ್ತವೆ.

ಪೈಥಾನ್ ತಂತ್ರಾಂಶವನ್ನು ಮೂಲದಿಂದ ಕಟ್ಟುವಾಗ ಬಳಸುವ ‘--ಎನೇಬಲ್-ಆಪ್ಟಿಮೈಸೇಷನ್ಸ್’ ಮಾಡುವುದೂ ಇದನ್ನೇ. 2023ರಲ್ಲಿ ಬಂದ ಗೋ ಭಾಷೆಯ 1.21ನೇ ಆವೃತ್ತಿಯಲ್ಲಿ ಈ ವಿಧಾನದಿಂದ ವೇಗದಲ್ಲಿ ಶೇ 2ರಿಂದ 7ರಷ್ಟು ಲಾಭ ಕಂಡಿತ್ತು. ದೊಡ್ಡದಲ್ಲ ಎನಿಸಬಹುದು, ಆದರೆ ಒಂದು ಸಾಲನ್ನೂ ತಿದ್ದದೆ ಸಿಗುವ ಲಾಭವಿದು. ಎಣಿಕೆಯ ಓಟಕ್ಕೆ ಒಂದೇ ಹಂಗಾಮಿನ ದಾಖಲೆಗಳನ್ನು ಮಾತ್ರ ಕೊಡಬೇಡಿ, ವರ್ಷವಿಡೀ ಬಂದ ಮಾಲಿನ ಲೆಕ್ಕ ಅದರಲ್ಲಿರಲಿ. ಸಮಯವೆಲ್ಲ ಡಿಸ್ಕಿನಿಂದ ಓದುವುದರಲ್ಲೇ ಹೋಗುತ್ತಿದ್ದರೆ ಇದರಿಂದ ಹೆಚ್ಚೇನೂ ಸಿಗದು. ಮೊದಲು ಅದನ್ನು ಅಳೆದು ನೋಡಿ.