ಹೆಸರು ಒಂದೇ, ವಿಳಾಸ ಬೇರೆ: ಡೇಟಾಬೇಸ್ ಸುರಕ್ಷತೆಯ ಒಂದು ಪಾಠ

ಗಂಗಾವತಿಯ ಅಕ್ಕಿ ಗಿರಣಿ, ಕೊಪ್ಪಳದ ಬಿಡಿಭಾಗ ಘಟಕ, ಕುಷ್ಟಗಿ–ಯಲಬುರ್ಗಾಗಳ ಬೀಜ–ಗೊಬ್ಬರದ ಅಂಗಡಿ ಎನ್ನದೆ ಖರೀದಿ, ದಾಸ್ತಾನು, ಉದ್ರಿ ಬಾಕಿಗಳ ಲೆಕ್ಕ ಗಣಕಯಂತ್ರಕ್ಕೆ ಸೇರುತ್ತಿದೆ. ಪರದೆಯ ಹಿಂದೆ ಈ ಲೆಕ್ಕವನ್ನು ಕಾಯುವುದು ಡೇಟಾಬೇಸ್. ಉಚಿತವಾಗಿ ದೊರೆಯುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 2019ರಲ್ಲಿ ಸರಿಪಡಿಸಲಾದ ದೋಷವೊಂದು ಉದ್ಯಮಿಗಳು ಅರಿತಿರಬೇಕಾದ ಸಂಗತಿಯಾಗಿದೆ.

ದೋಷದ ಸ್ವರೂಪ

ಖಾತೆ ತಿದ್ದುವ ಅಧಿಕಾರ ಗುಮಾಸ್ತನಿಗಿಲ್ಲ. ಆದರೆ ಅವನು ರಸೀದಿ ನಮೂದಿಸಿದಾಗ ಬಾಕಿ ಇಳಿಯಬೇಕು. ಇಂಥ ಕೆಲಸಕ್ಕೆ ಮಾಲೀಕನ ಅಧಿಕಾರದಲ್ಲಿ ನಡೆಯುವ ಫಂಕ್ಷನ್ ಬರೆದಿಡುವುದುಂಟು. ಗುಮಾಸ್ತ ಕರೆದರೂ ಕೆಲಸ ಸಾಗುವುದು ಮಾಲೀಕನ ಸಹಿಯಲ್ಲಿ. ಆ ಫಂಕ್ಷನ್ ಮತ್ತೊಂದನ್ನು ಬರಿಯ ಹೆಸರಿನಿಂದ ಕರೆದಾಗ ತೊಡಕು ಹುಟ್ಟುತ್ತಿತ್ತು. ವಿಳಾಸ ಹೇಳದೆ ಅಂಗಡಿಯ ಹೆಸರಷ್ಟೇ ಹೇಳಿ ಹಣ ಕಳುಹಿಸಿದರೆ, ಅದೇ ಹೆಸರಿನ ಫಲಕ ಹಾಕಿಕೊಂಡ ಇನ್ನೊಬ್ಬನ ಕೈಗೆ ಹಣ ಸೇರುವಂತೆ.

ಸಂಪರ್ಕ ಪಡೆದ ಬಳಕೆದಾರನಿಗೆ ತಾತ್ಕಾಲಿಕ ಜಾಗವೊಂದು ದೊರೆಯುತ್ತದೆ. ಫಂಕ್ಷನ್‌ಗಳನ್ನು ಅಲ್ಲಿ ಹುಡುಕುವುದನ್ನು 2007ರಲ್ಲಿಯೇ ನಿಲ್ಲಿಸಲಾಗಿತ್ತು. ಆದರೆ ದತ್ತಾಂಶದ ಬಗೆಯ, ಅಂದರೆ ಟೈಪ್‌ನ, ಹೆಸರನ್ನೂ ಫಂಕ್ಷನ್‌ನಂತೆಯೇ ಬರೆದು ಮೌಲ್ಯವನ್ನು ಪರಿವರ್ತಿಸಬಹುದು. ಕೊಟ್ಟ ಮೌಲ್ಯದ ಬಗೆ ಫಂಕ್ಷನ್‌ಗೆ ನಿಖರವಾಗಿ ಹೊಂದದಿದ್ದಾಗ ಡೇಟಾಬೇಸ್ ಆ ಹೆಸರಿನ ಟೈಪ್ ಇದೆಯೇ ಎಂದು ನೋಡುತ್ತಿತ್ತು. ದುರುದ್ದೇಶದವನು ತನ್ನ ತಾತ್ಕಾಲಿಕ ಜಾಗದಲ್ಲಿ ಅದೇ ಹೆಸರಿನ ಟೈಪ್ ಸೃಷ್ಟಿಸಿ, ಅದಕ್ಕೆ ತನ್ನ ಆದೇಶಗಳನ್ನು ಜೋಡಿಸಿದರೆ ಅವು ಮಾಲೀಕನ ಅಧಿಕಾರದಲ್ಲಿ ನಡೆಯುತ್ತಿದ್ದವು. ಇದು ಹೊರಗಿನ ಕಳ್ಳನಿಗಿಂತ ಒಳಗೆ ಪ್ರವೇಶವಿದ್ದವನಿಂದ ಬರುವ ಅಪಾಯ.

ಪರಿಹಾರ

2019ರ ಆಗಸ್ಟ್ 8ರಂದು ಬಿಡುಗಡೆಯಾದ 11.5, 10.10, 9.6.15, 9.5.19 ಮತ್ತು 9.4.24 ಆವೃತ್ತಿಗಳು ಈ ದಾರಿಯನ್ನು ಮುಚ್ಚಿದವು. ತಾತ್ಕಾಲಿಕ ಟೈಪನ್ನು ಫಂಕ್ಷನ್ ರೂಪದಲ್ಲಿ ಬಳಸಲು ಪೂರ್ಣ ವಿಳಾಸ ಬರೆಯುವುದು ಕಡ್ಡಾಯವಾಯಿತು. ಆದರೆ ಈ ಐದೂ ಸರಣಿಗಳಿಗೆ ಈಗ ಪರಿಹಾರಗಳು ಬರುವುದಿಲ್ಲ; ಕೊನೆಯದಾದ 11ರ ಸರಣಿಗೂ 2023ರ ನವೆಂಬರ್‌ನಲ್ಲಿ ಬೆಂಬಲ ಮುಗಿಯಿತು.

ಉದ್ಯಮಿಗಳು ಗಮನಿಸಬೇಕಾದುದು

1. ತಂತ್ರಾಂಶ ಒದಗಿಸಿದವರಿಂದ ಡೇಟಾಬೇಸಿನ ಹೆಸರು, ಆವೃತ್ತಿಗಳನ್ನು ಬರಹದಲ್ಲಿ ಪಡೆಯಬೇಕು.
2. ಹಳೆಯ ಸರಣಿಯಿದ್ದರೆ ಬ್ಯಾಕಪ್ ತೆಗೆದು, ಅದು ಮರಳಿ ತೆರೆಯುವುದೆಂದು ಪರೀಕ್ಷಿಸಿ, ಹೊಸ ಸರಣಿಗೆ ಬದಲಾಗಬೇಕು.
3. ಮಾಲೀಕನ ಅಧಿಕಾರದ ಫಂಕ್ಷನ್‌ಗಳಲ್ಲಿ ಹೆಸರು ಹುಡುಕುವ ಕ್ರಮವನ್ನು ನಿಗದಿಪಡಿಸಿ, ತಾತ್ಕಾಲಿಕ ಜಾಗವನ್ನು ಕೊನೆಯಲ್ಲಿಡುವಂತೆ ತಿಳಿಸಬೇಕು.
4. ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಬಳಕೆದಾರ ಹೆಸರಿರಬೇಕು. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಪಡಿಸಬೇಕು.

ತಿಜೋರಿಯ ಕೀಲಿ ಯಾರ ಬಳಿ ಇದೆಯೆಂದು ಪ್ರತಿ ಸಂಜೆ ವಿಚಾರಿಸುವ ವರ್ತಕರು, ಲೆಕ್ಕದ ಕೀಲಿಯನ್ನೂ ಹಾಗೆಯೇ ವಿಚಾರಿಸುವುದು ಲೇಸು.