ಥಾಯ್ ಕಲಿಯೋದಾ, ರಷ್ಯನ್ ಕಲಿಯೋದಾ?

ಥಾಯ್ ಕಷ್ಟಾನಾ, ರಷ್ಯನ್ ಕಷ್ಟಾನಾ? ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಎರಡಕ್ಕೂ ಸುಮಾರು 1,100 ಗಂಟೆ ಪಾಠ ಬೇಕು ಅನ್ನುತ್ತೆ. ಆದರೆ ಅದು ಇಂಗ್ಲಿಷ್ ಮಾತಾಡೋರ ಲೆಕ್ಕ. ಕನ್ನಡದವರ ಲೆಕ್ಕ ಬೇರೆ ಅಂತೀನಿ ನಾನು.

ಮೊದಲು ಥಾಯ್. ಇದರಲ್ಲಿ ವಿಭಕ್ತಿ ಇಲ್ಲ, ಕ್ರಿಯಾಪದ ಬದಲಾಗೋದೂ ಇಲ್ಲ. ‘ಪೈ’ ಅಂದ್ರೆ ಹೋಗು. ನಾನು ಹೋದರೂ ‘ಪೈ’, ಅವರು ಹೋದರೂ ‘ಪೈ’. ಕಷ್ಟ ಇರೋದು ದನಿಯ ಏರಿಳಿತದಲ್ಲಿ. ಒಟ್ಟು 5 ಬಗೆ. ‘ಮಾ’ ಅಂತ ಸಮವಾಗಿ ಹೇಳಿದ್ರೆ ‘ಬಾ’, ದನಿ ಎತ್ತರಿಸಿದ್ರೆ ಕುದುರೆ, ಕೆಳಗಿಂದ ಮೇಲಕ್ಕೆ ಎಳೆದ್ರೆ ನಾಯಿ! ಬರೆಯುವಾಗ ಪದಗಳ ನಡುವೆ ಜಾಗವನ್ನೂ ಬಿಡಲ್ಲ. ನಮಗೊಂದು ಅನುಕೂಲ ಇದೆ: ಲಿಪಿಯ ಮೂಲ ಬ್ರಾಹ್ಮಿ, ಅಕ್ಷರಗಳು ನಮ್ಮ ಕ-ಖ ಕ್ರಮದಲ್ಲೇ ಸಾಗುತ್ತವೆ. ‘ಭಾಷಾ’ ಅಲ್ಲಿ ‘ಫಾಸಾ’ ಆಗಿದೆ.

ಇನ್ನು ರಷ್ಯನ್. 33 ಅಕ್ಷರ, ಒಂದೆರಡು ವಾರ ಕೂತರೆ ಓದೋಕೆ ಬರುತ್ತೆ. 6 ವಿಭಕ್ತಿ ಅಂದ್ರೆ ಇಂಗ್ಲಿಷಿನವರು ಹೆದರ್ತಾರೆ. ನಾವು ‘ಮಾಸ್ಕೋದಲ್ಲಿ, ಮಾಸ್ಕೋದಿಂದ’ ಅಂತ ದಿನಾ ಪ್ರತ್ಯಯ ಹಚ್ಚೋರು. ಅವರದ್ದು ‘ವ್ ಮಸ್ಕ್ವ್ಯೆ’, ‘ಇಜ್ ಮಸ್ಕ್ವಿ’. ನಮಗೆ ತೊಡಕು ಲಿಂಗದ್ದು: ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ. ಒತ್ತು ಜಾರಿದರೂ ಅರ್ಥ ಕೆಡುತ್ತೆ: ‘ಜಾಮಕ್’ ಕೋಟೆ, ‘ಜಮೋಕ್’ ಬೀಗ.

ಹಾಗಾದ್ರೆ ಯಾವುದು? ಕಿವಿ ಚುರುಕಿದ್ರೆ ಥಾಯ್, ವ್ಯಾಕರಣ ಇಷ್ಟ ಇದ್ರೆ ರಷ್ಯನ್. ರಷ್ಯಾಕ್ಕೆ ಮೆಡಿಕಲ್ ಓದೋಕೆ ಹೊರಟವರಿಗೆ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆದರೂ, ವಾರ್ಡಿನಲ್ಲಿ ರೋಗಿ ನೋವು ಹೇಳಿಕೊಳ್ಳೋದು ರಷ್ಯನ್ನಿನಲ್ಲೇ. ವಿಮಾನ ಹತ್ತುವ ಮೊದಲೇ ಶುರು ಮಾಡಿ.