ಗಾಲಿಯ ಹೊಂದಿಕೆ

ಪಂಚಗಂಗಾವಳಿಯ ಐದು ನದಿಗಳಲ್ಲೊಂದರ ಹೆಸರು ಚಕ್ರಾ. ಆ ನೀರು ಕಡಲನ್ನು ಸೇರುವ ಗಂಗೊಳ್ಳಿಯಲ್ಲಿ ಕಬ್ಬಿಣದ ಚಕ್ರಕ್ಕೆ ಮಾತ್ರ ಆಯುಷ್ಯ ಕಡಿಮೆ. ಉಪ್ಪುಗಾಳಿ ಅದನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಆದುದರಿಂದಲೇ ಹಳೆಯ ಸ್ಪೋರ್ಟ್ಸ್ ಕಾರನ್ನು ಕಂಡರೆ ನನ್ನ ಕಣ್ಣು ಮೊದಲು ಅದರ ಗಾಲಿಗಳತ್ತ ಹೋಗುತ್ತದೆ.

1945ರಿಂದ 1949ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂ.ಜಿ. ಟಿ.ಸಿ. ಕಾರಿಗೆ, ಸೈಕಲ್ಲಿನಂತೆ ಕಡ್ಡಿಗಳುಳ್ಳ 19 ಅಂಗುಲದ ಗಾಲಿಗಳು. ಅದರ ಬೆನ್ನಿಗೆ ಬಂದ ಟಿ.ಡಿ.ಗೆ 15 ಅಂಗುಲದ ತಟ್ಟೆಗಾಲಿಗಳು. ಒಂದರ ಗಾಲಿ ಇನ್ನೊಂದಕ್ಕೆ ಒಪ್ಪದು. ಇದು ಕಣ್ಣಿಗೆ ಕಾಣುವ ಹೊಂದಿಕೆ.

ಕಾಣದ ಹೊಂದಿಕೆ ಗಾಲಿಯ ಗುಂಬದೊಳಗಿದೆ. ಕಡ್ಡಿಗಾಲಿಯ ಗುಂಬದಲ್ಲಿರುವ ಸಣ್ಣ ಹಲ್ಲುಗಳು ಕಾರಿನ ಕಡೆಯ ಹಲ್ಲುಗಳೊಡನೆ ಕೂಡಿಕೊಂಡು ಎಂಜಿನ್ನಿನ ಬಲವನ್ನೂ ಬ್ರೇಕಿನ ತಡೆಯನ್ನೂ ಹೊರುತ್ತವೆ. ಸವೆದ ಹಲ್ಲಿನ ಮೇಲೆ ಹೊಸ ಗಾಲಿಯನ್ನು ಕೂರಿಸಿದರೆ ಹೊಸದೂ ಬೇಗನೆ ಸವೆಯುತ್ತದೆ. ಕಡೆಗೆ ಹಲ್ಲು ಜಾರಿದರೆ, ಬ್ರೇಕು ಒತ್ತಿದರೂ ಗಾಲಿ ನಿಲ್ಲದು.

ಹೊಳಪು ಕೊಡುವುದೇ ಜೀರ್ಣೋದ್ಧಾರವಲ್ಲ. ಒಂದೊಂದು ಕಡ್ಡಿಯನ್ನೂ ತಟ್ಟಿ ಕೇಳಬೇಕು. ಬಿಗಿಯಾದುದು ಝೇಂಕರಿಸುತ್ತದೆ, ಸಡಿಲಾದುದು ಮಂಕಾಗಿ ನುಡಿಯುತ್ತದೆ. ಗಾಲಿಯನ್ನು ತಿರುಗಿಸಿ ಅದರ ಓಲಾಟವನ್ನು ಅಳೆಯಬೇಕು. ಗಟ್ಟಿಯಿರುವ ಮೂಲಭಾಗವನ್ನು ಉಳಿಸಬೇಕು. ಬಿರುಕು ಬಿಟ್ಟುದನ್ನು, ಎಷ್ಟೇ ಮಮತೆಯಿದ್ದರೂ, ತೆಗೆದಿಡಬೇಕು.

ಧರ್ಮಸ್ಥಳದ ಸಂಗ್ರಹಾಲಯದಂತಹ ಕಡೆ ಪ್ರದರ್ಶನಕ್ಕೆ ನಿಂತ ಕಾರಿಗೆ ನೋಟದ ಹೊಂದಿಕೆ ಸಾಕಾದೀತು. ರಸ್ತೆಗಿಳಿಯುವ ಕಾರಿಗೆ ಅದು ಸಾಲದು. ಅದರ ನಾಲ್ಕು ಗಾಲಿಗಳ ಮೇಲೆ ಮನುಷ್ಯಜೀವ ಕುಳಿತಿರುತ್ತದೆ. ಹಳೆಯದರ ಮೇಲಣ ಅಭಿಮಾನಕ್ಕೆ ಆ ಎಚ್ಚರವೂ ಸೇರಿರಬೇಕು.